ಎಲ್ಕ್ ಬೇಟೆಗೆ ಹೊರಡುವ ಮುನ್ನ ಕೋವಿಯ ಬಟ್‌ನತ್ತಲೂ ಗಮನವಿರಲಿ

ಮಾನ್ಯ ಸಂಪಾದಕರೇ,

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಅಕ್ಟೋಬರ್ ಮಧ್ಯಭಾಗದಿಂದ ನವೆಂಬರ್‌ವರೆಗೆ ಸರದಿಯ ಮೇಲೆ ರೈಫಲ್ ಬೇಟೆಯ ಅವಧಿಗಳು ನಡೆಯುತ್ತವೆ. ಇಲ್ಲಿ ನೆಲೆಸಿರುವ ಕನ್ನಡಿಗರಲ್ಲಿ, ಅದರಲ್ಲೂ ಕೊಡಗು ಮತ್ತು ಮಲೆನಾಡಿನ ಕಡೆಯಿಂದ ಬಂದವರಲ್ಲಿ ಕೆಲವರು, ಬೇಟೆಗಾರರ ಕಡ್ಡಾಯ ತರಬೇತಿ ಮುಗಿಸಿ, ಪರವಾನಗಿ ಪಡೆದು ಎಲ್ಕ್ ಬೇಟೆಗೆ ಹೋಗುತ್ತಾರೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಇಲ್ಲಿ ಸರ್ಕಾರವೇ ಪ್ರಾಣಿಗಳ ಸಂಖ್ಯೆ ನೋಡಿಕೊಂಡು ಪರವಾನಗಿ ಕೊಡುತ್ತದೆ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬೇಟೆಯ ಪರವಾನಗಿಯಿಲ್ಲದೆ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ ಎಂಬುದನ್ನೂ ಹೊಸಬರು ಮೊದಲೇ ತಿಳಿದಿರಬೇಕು. ನಾನು ಹೇಳಹೊರಟಿರುವುದು ಅದರ ಮುಂದಿನ ಮಾತು: ಕೋವಿಯ ಬಟ್‌ಗೆ, ಅಂದರೆ ಹೆಗಲಿಗೆ ಊರುವ ಹಿಂತುದಿಗೆ, ಒದೆತದ ಪೆಟ್ಟು ತಗ್ಗಿಸಲು ಹಾಕುವ ರಬ್ಬರಿನ ರಿಕಾಯ್ಲ್ ಪ್ಯಾಡ್ ಕುರಿತು.

ಎಲ್ಕ್ ನಮ್ಮ ಕಡವೆಯ ಕುಟುಂಬಕ್ಕೇ ಸೇರಿದ ದೊಡ್ಡ ಜಿಂಕೆ. ಬಲಿತ ಗಂಡು 300 ಕಿಲೋ ಮೀರುವುದುಂಟು. ಇಷ್ಟು ದೊಡ್ಡ ಪ್ರಾಣಿ ಎಂದ ಕೂಡಲೇ ಹೊಸಬರು .300 ವಿಂಚೆಸ್ಟರ್ ಮ್ಯಾಗ್ನಮ್‌ನಂಥ ಭಾರಿ ತೋಟಾದ ರೈಫಲ್ ಕೊಳ್ಳುತ್ತಾರೆ, ಗುರಿ ಹಿಡಿಯಲು ಅದರ ಮೇಲೆ ಕೂರಿಸುವ ದೂರದರ್ಶಕಕ್ಕೂ (ಸ್ಕೋಪ್) ಧಾರಾಳವಾಗಿ ಹಣ ಸುರಿಯುತ್ತಾರೆ. ಆ ಕೋವಿ ಹೆಗಲಿಗೆ ಹೇಗೆ ಕೂರುತ್ತದೆ ಎಂಬುದನ್ನು ಮಾತ್ರ ಯಾರೂ ನೋಡುವುದಿಲ್ಲ. ಎಂಟು ಪೌಂಡ್ ತೂಕದ .30-06 ರೈಫಲ್ 180 ಗ್ರೇನ್ (ಸುಮಾರು 12 ಗ್ರಾಂ) ತೂಕದ ಗುಂಡನ್ನು ಹಾರಿಸಿದಾಗ ಸುಮಾರು 20 ಅಡಿ-ಪೌಂಡ್ ಶಕ್ತಿಯಿಂದ ಹಿಂದಕ್ಕೆ ಒದೆಯುತ್ತದೆ. ಮ್ಯಾಗ್ನಮ್‌ನ ಒದೆತ ಅದಕ್ಕಿಂತ ಕಾಲು ಭಾಗಕ್ಕೂ ಹೆಚ್ಚು. ಪ್ಯಾಡ್ ಈ ಶಕ್ತಿಯನ್ನು ಇಲ್ಲವಾಗಿಸುವುದಿಲ್ಲ. ಒಂದೇ ಕ್ಷಣಕ್ಕೆ ಬಡಿಯುವ ಪೆಟ್ಟನ್ನು ತುಸು ಹೆಚ್ಚು ಹೊತ್ತಿಗೆ ಹಿಗ್ಗಿಸಿ, ಹೆಗಲಿನ ಹೆಚ್ಚು ಜಾಗಕ್ಕೆ ಹರಡುತ್ತದೆ, ಅಷ್ಟೆ. ಆದರೆ ಆ ಅಷ್ಟರಿಂದಲೇ ಗುರಿ ಉಳಿಯುತ್ತದೆ.

ಇದನ್ನು ಶೂಟಿಂಗ್ ರೇಂಜಿನಲ್ಲಿ ಕಣ್ಣಾರೆ ಕಾಣಬಹುದು. ಗೆಳೆಯರೊಬ್ಬರು ತಮಗೆ ಒದೆತದ ಭಯವೇ ಇಲ್ಲವೆಂದು ವಾದಿಸುತ್ತಿದ್ದರು. ಅವರಿಗೆ ಕಾಣದಂತೆ ತೋಟಾಗಳ ನಡುವೆ ಮದ್ದಿಲ್ಲದ ಡಮ್ಮಿ ತೋಟಾವೊಂದನ್ನು ಸೇರಿಸಿ ಕೊಟ್ಟೆವು. ಅದರ ಸರದಿ ಬಂದಾಗ ಟ್ರಿಗರ್ ಬರಿದೇ 'ಟಕ್' ಎಂದಿತು. ಆದರೂ ಅವರ ಕಣ್ಣು ಮುಚ್ಚಿತ್ತು, ಹೆಗಲು ಮುಂದಕ್ಕೆ ನೂಕಿತ್ತು, ನಳಿಗೆಯ ತುದಿ ಗೇಣುದ್ದ ಕೆಳಗಿಳಿದಿತ್ತು. ಗುಂಡು ಹಾರುವ ಮೊದಲೇ ದೇಹ ಹೀಗೆ ಬೆಚ್ಚಿದರೆ, ಎಲ್ಕ್‌ನ ಹೃದಯ ಮತ್ತು ಶ್ವಾಸಕೋಶಕ್ಕೆ ತಗುಲಬೇಕಾದ ಗುಂಡು ಹೊಟ್ಟೆಗೋ ಕಾಲಿಗೋ ತಗುಲುತ್ತದೆ. ಗಾಯಗೊಂಡ ಎಲ್ಕ್ ಕಣಿವೆಗಳನ್ನು ದಾಟಿ ಮೈಲುಗಟ್ಟಲೆ ಓಡಿ, ಯಾರ ಕೈಗೂ ಸಿಗದೆ ನರಳಿ ಸಾಯಬಹುದು. ಗಾಯಗೊಂಡ ಪ್ರಾಣಿಯನ್ನು ಹುಡುಕಲು ಸಮಂಜಸವಾದ ಪ್ರಯತ್ನ ಮಾಡಬೇಕೆಂದು ಇಲ್ಲಿನ ಕಾನೂನು ಹೇಳುತ್ತದೆ; ಆ ಸ್ಥಿತಿ ಬಾರದಂತೆ ನೋಡಿಕೊಳ್ಳುವ ಹೊಣೆ ಮನೆಯಲ್ಲೇ, ತಿಂಗಳುಗಳ ಮೊದಲೇ ಶುರುವಾಗುತ್ತದೆ ಎಂದು ನಾನು ನಂಬಿದ್ದೇನೆ.

ಪ್ಯಾಡ್ ಕೊಂಡು ತಂದು ಅಂಟಿಸಿದರೆ ಮುಗಿಯಿತು ಎಂಬ ಭಾವನೆಯೂ ಸರಿಯಲ್ಲ. ಟ್ರಿಗರ್‌ನಿಂದ ಬಟ್‌ನ ನಡುಮಧ್ಯದವರೆಗಿನ ಅಳತೆ ಕಾರ್ಖಾನೆಯ ರೈಫಲ್‌ಗಳಲ್ಲಿ ಸಾಮಾನ್ಯವಾಗಿ 13.5 ಇಂಚಿನ ಆಸುಪಾಸಿನಲ್ಲಿರುತ್ತದೆ. ಬಟ್‌ನ ತುದಿಯಲ್ಲಿರುವ ಹಳೆಯ ಗಟ್ಟಿ ತಟ್ಟೆ ಅರ್ಧ ಇಂಚು ದಪ್ಪವಿದ್ದು ಹೊಸ ಪ್ಯಾಡ್ ಒಂದು ಇಂಚು ದಪ್ಪವಿದ್ದರೆ, ಮರದಲ್ಲಿ ಅರ್ಧ ಇಂಚು ಕತ್ತರಿಸದೆ ಹೋದಲ್ಲಿ ಕೋವಿ ಅಷ್ಟು ಉದ್ದವಾಗುತ್ತದೆ. ಹಿಮದಲ್ಲಿ ದಪ್ಪ ಕೋಟು ತೊಟ್ಟಾಗ ಅದು ಕಂಕುಳಲ್ಲಿ ಸಿಕ್ಕಿಕೊಳ್ಳುತ್ತದೆ, ಕಣ್ಣಿಗೂ ದೂರದರ್ಶಕಕ್ಕೂ ನಡುವಿನ ಅಂತರ ತಪ್ಪುತ್ತದೆ. ಬೇಕಾದುದಕ್ಕಿಂತ ಹೆಚ್ಚು ಕತ್ತರಿಸಿದರೆ ಕಣ್ಣು ದೂರದರ್ಶಕಕ್ಕೆ ತೀರಾ ಹತ್ತಿರವಾಗಿ, ಒದೆತಕ್ಕೆ ಅದರ ಅಂಚು ಹುಬ್ಬನ್ನು ಸೀಳುತ್ತದೆ. ಆದ್ದರಿಂದ ಬೇಟೆಗೆ ಹಾಕುವ ಕೋಟನ್ನೇ ತೊಟ್ಟು ಅಳತೆ ತೆಗೆಯಬೇಕು. ಕಾಲುಚೀಲದಂತೆ ಬಟ್‌ಗೆ ಏರಿಸುವ ಪ್ಯಾಡ್‌ಗಳೂ ಸಿಗುತ್ತವೆ. ಅವು ಉದ್ದವನ್ನು ಹೆಚ್ಚಿಸುವುದರಿಂದ ಪರೀಕ್ಷೆಗೆ ಒಳ್ಳೆಯವು, ಕಾಯಂ ಬಳಕೆಗಲ್ಲ.

ಕೆಲಸದಲ್ಲಿ ಕೈ ಪಳಗಿದವರು ಮಾತ್ರ ಮನೆಯಲ್ಲಿ ಮಾಡಿಕೊಳ್ಳಬಹುದು. ಕೋವಿ ಖಾಲಿಯಿದೆಯೆಂದು ಎರಡೆರಡು ಬಾರಿ ನೋಡಿ, ತೋಟಾ ಏರಿಸಲು ಹಿಂದೆ ಮುಂದೆ ಎಳೆಯುವ ಬೋಲ್ಟ್ ತೆಗೆದು, ನಳಿಗೆಯನ್ನು ಮರದಿಂದ ಬೇರ್ಪಡಿಸಿದ ಮೇಲೆಯೇ ಕೆಲಸ ಶುರುಮಾಡಬೇಕು. ಕತ್ತರಿಸುವ ಗೆರೆಯ ಸುತ್ತ ಟೇಪ್ ಸುತ್ತಿ, ಸಣ್ಣ ಹಲ್ಲಿನ ಗರಗಸದಿಂದ ಟೇಪಿನ ಮೇಲೆಯೇ ಕೊಯ್ದರೆ ಅಂಚು ಸಿಬಿರೇಳುವುದಿಲ್ಲ. ಹಳೆಯ ಸ್ಕ್ರೂ ತೂತುಗಳು ಹೊಸ ಪ್ಯಾಡ್‌ಗೆ ಹೊಂದದಿದ್ದರೆ ಅವಕ್ಕೆ ಮರದ ಬೆಣೆ ಬಡಿದು ಗೋಂದಿನಿಂದ ಮುಚ್ಚಿ ಹೊಸದಾಗಿ ಕೊರೆಯಬೇಕು. ಪ್ಯಾಡನ್ನು ಕೂರಿಸಿ, ಅದರ ತಳದ ಗಟ್ಟಿ ಭಾಗದಲ್ಲಿ ಬಟ್‌ನ ಅಂಚಿನ ಆಕಾರವನ್ನು ಚೂಪಾದ ಸೂಜಿಯಿಂದ ಗೀಚಿಕೊಂಡು, ಬಿಚ್ಚಿ, ಬೆಲ್ಟ್ ಸ್ಯಾಂಡರ್‌ನಲ್ಲಿ ಆ ಗೆರೆಯವರೆಗೆ ಉಜ್ಜಿ ಇಳಿಸಬೇಕು. ಒತ್ತಿ ಹಿಡಿದರೆ ರಬ್ಬರ್ ಬಿಸಿಯಾಗಿ ಕರಗುತ್ತದೆ. ಮುಟ್ಟಿಸಿ ತೆಗೆಯುತ್ತಾ ಹೋಗಬೇಕು. ಬಟ್‌ನ ಕೆಳಗಿನ ಓರೆ ಗೆರೆ ಪ್ಯಾಡ್‌ನಲ್ಲೂ ಹಾಗೆಯೇ ಮುಂದುವರಿದರೆ ಕೆಲಸ ಅಚ್ಚುಕಟ್ಟಾಯಿತೆಂದು ಅರ್ಥ. ಕತ್ತರಿಸಿದ ಹಸಿ ಮರಕ್ಕೆ ವಾರ್ನಿಷ್ ಅಥವಾ ಮರದೆಣ್ಣೆ ಬಳಿಯುವುದನ್ನು ಬಹಳ ಮಂದಿ ಮರೆಯುತ್ತಾರೆ; ಹಿಮದ ತೇವ ಒಳಗೆ ಹೋಗುವುದು ಅಲ್ಲಿಂದಲೇ. ಒಳಗೆ ಟೊಳ್ಳಿರುವ ಪ್ಲಾಸ್ಟಿಕ್ ಬಟ್ ಆದರೆ ಕತ್ತರಿಸುವ ಗೋಜಿಗೆ ಹೋಗದೆ, ಆಯಾ ಮಾದರಿಗೆಂದೇ ತಯಾರಾಗಿ ಬರುವ ಪ್ಯಾಡ್ ಕೊಳ್ಳುವುದು ಮೇಲು.

ಅನುಭವವಿಲ್ಲದವರು ಬಂದೂಕು ಕಮ್ಮಾರರಿಗೇ ಒಪ್ಪಿಸಲಿ, ಆದರೆ ಜೂನ್-ಜುಲೈನಲ್ಲೇ ಒಪ್ಪಿಸಲಿ. ಸೆಪ್ಟೆಂಬರ್ ಬಂತೆಂದರೆ ಅವರ ಅಂಗಡಿಗಳಲ್ಲಿ ಕೋವಿಗಳು ಸಾಲುಗಟ್ಟಿರುತ್ತವೆ. ಪ್ಯಾಡ್ ಹಾಕಿಸಿದ ಮೇಲೆ ಕೆನ್ನೆ, ಹೆಗಲು ಮತ್ತು ಕಣ್ಣು ಕೂರುವ ಜಾಗ ಬದಲಾಗಿರುವುದರಿಂದ ಗುರಿಯನ್ನು ಮತ್ತೊಮ್ಮೆ ಪರೀಕ್ಷಿಸಲೇಬೇಕು, ಬಳಿಕ ಕುಳಿತು, ಮೊಣಕಾಲೂರಿ, ನಿಂತು ಅಭ್ಯಾಸ ಮಾಡಲು ಸಮಯವೂ ಬೇಕು. ಕಿವಿಗೆ ರಕ್ಷಣೆಯಿರಲಿ, ಬೆಚ್ಚುವುದಕ್ಕೆ ಒದೆತದಷ್ಟೇ ಸದ್ದೂ ಕಾರಣ.

ಊರಿನ ಓದುಗರಿಗೂ ಇದರಲ್ಲಿ ಉಪಯೋಗವಿದೆ. ಕೊಡಗಿನಲ್ಲಿ ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಹೆಣ್ಣುಮಕ್ಕಳೂ ಎಳೆಯರೂ ಹಿರಿಯರ ಅಳತೆಗೆ ಮಾಡಿದ, ಗಟ್ಟಿ ತಟ್ಟೆಯ ಕೋವಿಗಳನ್ನೇ ಹೆಗಲಿಗಿಟ್ಟುಕೊಳ್ಳಬೇಕಾಗುತ್ತದೆ. ಅಂಥ ಮನೆಗಳಲ್ಲಿ ಒಂದು ಕೋವಿಯ ಬಟ್ ಅನ್ನಾದರೂ ಅವರ ಅಳತೆಗೆ ಇಳಿಸಿ ಪ್ಯಾಡ್ ಹಾಕಿಸಿಕೊಡಬೇಕೆಂದು ಕೋರುತ್ತೇನೆ. ಕತ್ತರಿಸಿದ ಮರದ ತುಂಡನ್ನು ಎಸೆಯದೆ ಜೋಪಾನವಾಗಿಟ್ಟರೆ, ಮಕ್ಕಳು ಬೆಳೆದ ಮೇಲೆ ಅದನ್ನೇ ಬಟ್ ಮತ್ತು ಪ್ಯಾಡ್‌ನ ನಡುವೆ ಕೂಡಿಸಿ ಉದ್ದ ಹೆಚ್ಚಿಸಿಕೊಳ್ಳಬಹುದು.

ಇತಿ,
ನಿಮ್ಮ ಓದುಗ,
ಫೋರ್ಟ್ ಕಾಲಿನ್ಸ್, ಕೊಲೊರಾಡೊ