ಎಳೆಮಕ್ಕಳ ಮೈಗೆ ಒಗ್ಗುವ ಹೊಲಿಗೆಯನ್ನೂ ಕಲಿಸಿ

ಮಾನ್ಯ ಸಂಪಾದಕರೇ,

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಕಡೆ ನಾಮಕರಣಕ್ಕೋ ಮೊದಲ ಹುಟ್ಟುಹಬ್ಬಕ್ಕೋ ಹೋಗುವಾಗ ತಾವೇ ಹೊಲಿದ ಜಬಲಾ, ಹೆಣೆದ ಕುಲಾವಿ, ಬಟ್ಟೆಯ ಬೊಂಬೆಗಳನ್ನು ಒಯ್ಯುವ ಹೆಣ್ಣುಮಕ್ಕಳು ಈಗಲೂ ಇದ್ದಾರೆ. ಹೊಲಿಗೆ ಕಲಿಸುವ ನನಗೆ ಇದಕ್ಕಿಂತ ಸಂತೋಷದ ವಿಷಯ ಬೇರೊಂದಿಲ್ಲ. ಆದರೆ ಇಂಥ ಉಡುಗೊರೆಗಳನ್ನು ಕೈಗೆತ್ತಿಕೊಂಡು ನೋಡಿದಾಗ, ಅವುಗಳಲ್ಲಿ ಹಲವು ನೋಡುವವರ ಕಣ್ಣಿಗೆ ಒಪ್ಪುವಷ್ಟು ತೊಡುವ ಕೂಸಿನ ಮೈಗೆ ಒಗ್ಗುವುದಿಲ್ಲ ಎನಿಸುತ್ತದೆ. ಹೊಲಿಯುವವರ ಅಸಡ್ಡೆ ಇದಕ್ಕೆ ಕಾರಣವಲ್ಲ. ನಾನು ಕಂಡ ತರಬೇತಿಗಳಲ್ಲಿ ರವಿಕೆ, ಚೂಡಿದಾರ್, ಶಾಲೆಯ ಸಮವಸ್ತ್ರಗಳಿಗೆ ಸಿಗುವ ಗಮನ ಎಳೆಮಕ್ಕಳ ಉಡುಪಿಗೆ ಸಿಗುತ್ತಿಲ್ಲ.

ಮೊದಲು ದಾರದ ಮಾತು. ನಂದಿಬೆಟ್ಟದ ಸುತ್ತಿನ ನಮ್ಮ ಊರುಗಳಲ್ಲಿ ಮಾಗಿಯ ಬೆಳಗು ಕೊರೆಯುತ್ತದೆ, ನಿಜ; ಹೊತ್ತೇರಿದ ಮೇಲೆ ಬಿಸಿಲು ಚುರುಕಾಗುತ್ತದೆ. ಅಂಗಡಿಯಲ್ಲಿ ‘ವುಲನ್’ ಎಂದು ಕೊಡುವ ಅಗ್ಗದ ದಾರ ಸಾಮಾನ್ಯವಾಗಿ ಅಕ್ರಿಲಿಕ್ ಆಗಿದ್ದು, ಅದು ಬೆವರನ್ನು ಹೀರುವುದಿಲ್ಲ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಬಾಣಂತಿಯ ಮನೆಯಲ್ಲಿ ಕೂಸಿಗೆ ನೀರು ಹಾಕಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸುವ ರೂಢಿ ಇನ್ನೂ ಉಳಿದಿದ್ದು, ಅಕ್ರಿಲಿಕ್ ಬಟ್ಟೆಗೆ ಕಿಡಿ ತಾಗಿದರೆ ಅದು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. (ಆ ಹೊಗೆಯೇ ಕೂಸಿನ ಉಸಿರಿಗೆ ಒಳ್ಳೆಯದಲ್ಲ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ.) ಆದ್ದರಿಂದ ಮೃದುವಾದ ಹತ್ತಿ ದಾರದಲ್ಲಿ ಹೆಣೆಯುವುದು ಲೇಸು. ಹೊಸ ಬಟ್ಟೆಯಾದರೆ ಕತ್ತರಿಸುವ ಮೊದಲೇ ನೆನೆಸಿ, ಒಗೆದು, ಒಣಗಿಸಬೇಕು. ಗಂಜಿಯೂ ಹೋಗುತ್ತದೆ, ಬಟ್ಟೆ ಕುಗ್ಗುವಷ್ಟು ಮೊದಲೇ ಕುಗ್ಗುತ್ತದೆ. ಹುಟ್ಟಿದ ಕೂಸಿಗೆ ಅಜ್ಜಿಯ ಹಳೆಯ ಹತ್ತಿ ಸೀರೆಯ ತುಂಡನ್ನೇ ಸುತ್ತುತ್ತಿದ್ದ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಎಷ್ಟೋ ಸಲ ಒಗೆದ ಆ ಬಟ್ಟೆಯಷ್ಟು ಮೆತ್ತಗಿನದು ಅಂಗಡಿಯಲ್ಲಿ ದೊರೆಯುವುದು ಕಷ್ಟ.

ಕೂಸಿನ ಕೈಗವಸು, ಕಾಲುಚೀಲಗಳ ವಿಷಯದಲ್ಲಿ ನನಗೆ ಹೆಚ್ಚಿನ ಆತಂಕವಿದೆ. ಬಣ್ಣಬಣ್ಣದ ವಿನ್ಯಾಸಕ್ಕಾಗಿ ಒಳಗಡೆ ಉದ್ದುದ್ದ ಬಿಟ್ಟ ಎಳೆಗಳು ಅಥವಾ ಕತ್ತರಿಸದೆ ಉಳಿದ ದಾರದ ತುದಿಗಳು ಕೂಸಿನ ಪುಟ್ಟ ಬೆರಳಿಗೆ ಸುತ್ತಿಕೊಂಡು ರಕ್ತದ ಓಟವನ್ನೇ ತಡೆಯಬಲ್ಲವು. ಕೂಸು ಅಳುತ್ತದೆ, ಹೊರಗಿನಿಂದ ಏನೂ ಕಾಣಿಸುವುದಿಲ್ಲ. ಹಸಿವೆಂದೋ ಹೊಟ್ಟೆನೋವೆಂದೋ ತಿಳಿದು ಮನೆಯವರು ಸಮಾಧಾನಪಡಿಸುತ್ತಿರುವಾಗ ಬೆರಳು ಊದಿಕೊಳ್ಳುತ್ತಿರುತ್ತದೆ. ಉಡುಗೊರೆ ಕಟ್ಟುವ ಮೊದಲು ಪ್ರತಿಯೊಂದನ್ನೂ ಒಳಹೊರಗು ಮಾಡಿ, ಬೆರಳಾಡಿಸಿ ನೋಡಿದರೆ ಈ ಅಪಾಯ ತಪ್ಪುತ್ತದೆ. ಜಬಲಾದ ಹೊಲಿಗೆಯ ಅಂಚನ್ನು ಹೊರಗಡೆಗೆ ಮಡಚಬಹುದು. ಕೊರಳಿಗೆ ಜರಿ ಲೇಸನ್ನೂ, ಎಳೆದು ಕಟ್ಟುವ ಉದ್ದನೆಯ ಲಾಡಿಯನ್ನೂ ಇಡಬಾರದು. ಶಿಡ್ಲಘಟ್ಟದ ಸುತ್ತ ರೇಷ್ಮೆಯ ನಂಟಿರುವ ಮನೆಗಳಲ್ಲಿ ಮೊದಲ ಹುಟ್ಟುಹಬ್ಬಕ್ಕೆ ರೇಷ್ಮೆ ಲಂಗ ಹೊಲಿಸುವುದನ್ನು ಬೇಡವೆನ್ನಲು ನನಗೂ ಮನಸ್ಸಾಗದು. ಒಳಗೆ ಹತ್ತಿಯ ಲೈನಿಂಗ್ ಕೊಟ್ಟರೆ ಸಾಕು.

ಬೊಂಬೆಗಳಿಗೆ ಗುಂಡಿ, ಮಣಿಗಳ ಕಣ್ಣು ಹೊಲಿಯುವುದನ್ನಂತೂ ನಿಲ್ಲಿಸಲೇಬೇಕು. ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮೂರು ವರ್ಷದೊಳಗಿನ ಮಕ್ಕಳ ಗಂಟಲಿಗೆ ಕಿತ್ತುಬಂದ ಒಂದು ಗುಂಡಿ ಸಿಕ್ಕಿಕೊಂಡರೂ ಅನಾಹುತವೇ. ದಾರದಲ್ಲೇ ಕಣ್ಣು, ಮೂಗು, ಬಾಯಿ ಬಿಡಿಸಿದರೆ ಬೊಂಬೆಯ ಚೆಲುವು ಕಡಿಮೆಯಾಗುವುದಿಲ್ಲ. ಅಂಗಡಿಯಲ್ಲಿ ಮಾರುವ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಮನೆಯಲ್ಲಿ ಹೊಲಿದು ಪ್ರೀತಿಯಿಂದ ಕೊಡುವ ಬೊಂಬೆಯನ್ನು ಪರೀಕ್ಷಿಸುವವರು ಯಾರೂ ಇಲ್ಲವಾದ್ದರಿಂದ ಆ ಹೊಣೆ ಪೂರ್ತಿಯಾಗಿ ಹೊಲಿದವರದೇ ಆಗುತ್ತದೆ. ಒಂದು ವರ್ಷ ತುಂಬದ ಕೂಸು ಮಲಗಿರುವಾಗ ಬೊಂಬೆ, ದಿಂಬು, ಸಡಿಲವಾದ ಹೊದಿಕೆಗಳನ್ನು ತೊಟ್ಟಿಲಿನಿಂದ ಹೊರಗಿಡಬೇಕೆಂದೂ, ಮನೆಯೊಳಗೆ ನಿದ್ರಿಸುವಾಗ ಟೋಪಿಯನ್ನು ತೆಗೆದಿಡಬೇಕೆಂದೂ ಉಡುಗೊರೆ ಕೊಡುವಾಗಲೇ ತಾಯಿಗೆ ಹೇಳುವುದು ಒಳ್ಳೆಯದು.

ಇವೆಲ್ಲ ಒಂದೆರಡು ದಿನಗಳಲ್ಲಿ ಕಲಿಸಿ ಮುಗಿಸಬಹುದಾದ ವಿಷಯಗಳು. ನಮ್ಮ ಜಿಲ್ಲೆಯಲ್ಲಿ ಹೊಲಿಗೆ ತರಬೇತಿ ನಡೆಸುವ ಇಲಾಖೆಗಳೂ ಸಂಘ ಸಂಸ್ಥೆಗಳೂ ಎಳೆಮಕ್ಕಳ ಉಡುಪು ಮತ್ತು ಬಟ್ಟೆಯ ಆಟಿಕೆಗಳನ್ನು ಪಾಠಕ್ಕೆ ಸೇರಿಸಲಿ. ಆ ಪಾಠದ ದಿನ ಒಬ್ಬ ಮಕ್ಕಳ ವೈದ್ಯರನ್ನೋ ಅನುಭವಿ ಆಶಾ ಕಾರ್ಯಕರ್ತೆಯನ್ನೋ ಕರೆಸಲಿ. ಕಲಿಯುವವರು ಮಾದರಿಗಾಗಿ ಹೊಲಿದ ಜಬಲಾ, ಕುಲಾವಿಗಳನ್ನು ಪರಿಶೀಲಿಸಿ, ಒಗೆದು, ಜಿಲ್ಲಾಸ್ಪತ್ರೆಯ ಹೆರಿಗೆ ವಾರ್ಡಿನ ತಾಯಂದಿರಿಗೆ ಕೊಡುವ ವ್ಯವಸ್ಥೆಯಾದರೆ, ಅಭ್ಯಾಸಕ್ಕೆಂದು ಕತ್ತರಿಸಿದ ಬಟ್ಟೆಯೂ ವ್ಯರ್ಥವಾಗುವುದಿಲ್ಲ. ಸಂಬಂಧಪಟ್ಟವರು ಮುಂದಿನ ತಂಡದ ತರಬೇತಿಯಿಂದಲೇ ಇದನ್ನು ಆರಂಭಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

– ಹೊಲಿಗೆ ಶಿಕ್ಷಕಿ, ಶಿಡ್ಲಘಟ್ಟ