ಅವ್ವನ ಎಲೆಸಂಚಿಯಲ್ಲಿರುವ ಚೀಟಿ

ಕಳೆದ ಬುಧವಾರ ಬಳ್ಳಾರಿಯಲ್ಲಿ ನಮ್ಮ ಅವ್ವನ ದೊಡ್ಡ ಕರುಳಿನಲ್ಲಿದ್ದ ಗಂಟನ್ನು ಕೊಲೊನೋಸ್ಕೋಪಿಯ ಮೂಲಕ, ಅಂದರೆ ಕ್ಯಾಮೆರಾ ಇರುವ ಕೊಳವೆಯನ್ನು ಕರುಳಿನೊಳಗೆ ತೂರಿಸಿ, ತೆಗೆದರು. ಸಂಜೆ ಅವ್ವ ಎದ್ದು ಕುಳಿತು ಚಹಾ ಕೇಳಿದಾಗ ಐದು ತಿಂಗಳಿನಿಂದ ನಮ್ಮನ್ನು ಕಾಡಿದ್ದ ಭಯ ಇಳಿಯಿತು. ಅದಕ್ಕೆ ಕಾರಣರಾದವರಿಗೆ ಮನೆಯವರೆಲ್ಲರ ಪರವಾಗಿ ಈ ಕೃತಜ್ಞತೆಯನ್ನು ಸಲ್ಲಿಸುತ್ತಿದ್ದೇನೆ.

ಮೊದಲ ಪ್ರಯತ್ನ ನಡೆದದ್ದು ಕೊಪ್ಪಳದಲ್ಲಿ. ಮಂಪರಿಗೆಂದು ಮಿಡಜೋಲಾಮ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ರಕ್ತದೊತ್ತಡ ಕುಸಿಯಿತು. ಇಂಥ ಔಷಧಿಯಿಂದ ಒತ್ತಡ ಸ್ವಲ್ಪ ಇಳಿಯುವುದೂ ಉಸಿರು ನಿಧಾನವಾಗುವುದೂ ಉಂಟಾದ್ದರಿಂದ ಅಲರ್ಜಿಯನ್ನು ತಕ್ಷಣ ಗುರುತಿಸುವುದು ಕಷ್ಟವೆಂದು ಡಾಕ್ಟರು ಆಮೇಲೆ ವಿವರಿಸಿದರು. ಎಚ್ಚರವಿದ್ದವರಾದರೆ ಮೈ ತುರಿಸುತ್ತದೆ, ಗಂಟಲು ಬಿಗಿಯುತ್ತದೆ ಎಂದು ಹೇಳಿಯಾರು. ಮಂಪರಿನಲ್ಲಿದ್ದ ಅವ್ವ ಹೇಗೆ ಹೇಳಬೇಕು? ಪಕ್ಕದಲ್ಲಿದ್ದ ಸಿಸ್ಟರ್ ಕೂಡಲೇ ಹೊದಿಕೆ ಸರಿಸಿ, ಹಸಿರು ಬಳೆಗಳನ್ನು ಮೇಲಕ್ಕೆ ದೂಡಿ ನೋಡಿದರಂತೆ: ಮುಂಗೈಯಿಂದ ತೋಳಿನವರೆಗೆ ಗಂಧೆ ಎದ್ದಿದ್ದವು, ತುಟಿ ಬಾತಿತ್ತು. ಅವರು ಕೂಗಿ ಹೇಳಿದೊಡನೆ ಡಾಕ್ಟರು ತೊಡೆಯ ಹೊರಭಾಗದ ಸ್ನಾಯುವಿಗೆ ಅರ್ಧ ಮಿಲಿಗ್ರಾಂ ಅಡ್ರಿನಾಲಿನ್ ಕೊಟ್ಟರು. ಐದು ನಿಮಿಷ ಬಿಟ್ಟು ಮತ್ತೊಂದು ಕೊಡಬೇಕಾಯಿತು. ಕಾಲುಗಳನ್ನು ಎತ್ತರಿಸಿ, ಆಕ್ಸಿಜನ್ ಹಚ್ಚಿ, ಸಲೈನ್ ಹರಿಸಿದ ಮೇಲೆ ಒತ್ತಡ ಏರಿತು. ಹೆಸರು ಬರೆಯಬೇಡಿರೆಂದು ಆ ಸಿಸ್ಟರ್ ಕೇಳಿಕೊಂಡಿದ್ದಾರೆ. ಅವರ ಕಣ್ಣಿನ ಋಣ ಮಾತ್ರ ನಮ್ಮ ಮೇಲಿದೆ.

ಅಲರ್ಜಿ ಮರುಕಳಿಸಬಹುದೆಂದು ಅವ್ವನನ್ನು ರಾತ್ರಿಯಿಡೀ ಅಲ್ಲೇ ಇರಿಸಿಕೊಂಡರು. ತೀವ್ರ ಅಲರ್ಜಿಯಾದಾಗ ರಕ್ತದಲ್ಲಿ ಏರುವ ಟ್ರಿಪ್ಟೇಸ್ ಎಂಬ ಅಂಶದ ಪರೀಕ್ಷೆಗೆ ಅಂದೇ ರಕ್ತ ತೆಗೆದು, ಮರುದಿನ ಹೋಲಿಕೆಗೆಂದು ಮತ್ತೊಮ್ಮೆ ತೆಗೆದರು. ಎರಡು ವರ್ಷದ ಹಿಂದೆ ಬೇರೆ ಊರಿನಲ್ಲಿ ಎಂಡೋಸ್ಕೋಪಿ ಆದಾಗಲೂ ಅವ್ವನ ಮೈ ಕೆಂಪಾಗಿತ್ತು. ಅದನ್ನು ಅಲ್ಲಿ ಯಾರೂ ಬರೆದಿಡಲಿಲ್ಲ, ಕೊಟ್ಟ ಔಷಧಿಯ ಹೆಸರನ್ನು ನಾವೂ ಕೇಳಲಿಲ್ಲ. ಆ ನೋವು ನನಗೆ ಇಂದಿಗೂ ಇದೆ.

ಆರು ವಾರ ಕಳೆದ ಮೇಲೆ ಬಳ್ಳಾರಿಯಲ್ಲಿ ಚರ್ಮದ ಪರೀಕ್ಷೆ ಮಾಡಿದ ವೈದ್ಯರಿಗೆ ನಾವು ವಿಶೇಷವಾಗಿ ಋಣಿಗಳು. ಆ ದಿನ ಕೊಟ್ಟಿದ್ದ ಔಷಧಿಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದಾಗ ಮಿಡಜೋಲಾಮ್ ಹಾಕಿದ ಜಾಗ ಮಾತ್ರ ಉಬ್ಬಿತು. ಮುಂದೆ ಬಳಸಬಹುದೆಂದು ನೋಡಿದ ಬೇರೊಂದು ಮಂಪರಿನ ಔಷಧಿ ಪ್ರೊಪೊಫಾಲ್‌ಗೆ ಏನೂ ಆಗಲಿಲ್ಲ. ಬುಧವಾರ ಅದನ್ನೇ ಬಳಸಿದರು. ಅರಿವಳಿಕೆ ತಜ್ಞರು ಅಡ್ರಿನಾಲಿನ್ ಸಿದ್ಧವಿಟ್ಟುಕೊಂಡು ಕೊನೆಯವರೆಗೂ ಅವ್ವನ ತಲೆಯ ಬಳಿಯೇ ನಿಂತಿದ್ದರು.

ಯಾವ ಔಷಧಿ ಕೂಡದು ಎಂದು ಅವರು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದುಕೊಟ್ಟ ಚೀಟಿ ಫೈಲಿನೊಳಗಿತ್ತು. ಡಿಸ್ಚಾರ್ಜ್ ಆಗುವಾಗ ಅವ್ವ ಅದನ್ನು ಕೇಳಿ ಪಡೆದು, ಎಲೆಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕಕ್ಕೆ ಇಟ್ಟುಕೊಂಡಳು.