ನೀರು ಹೊರುವವರು ಯಾರು?

ಪ್ರಿಯ ತಂಗಿ,

ನಿನ್ನ ಪತ್ರ ತಲುಪಿತು. ಕೆಲಸ ಬಿಟ್ಟು ಯಾವುದಾದರೂ ದ್ವೀಪಕ್ಕೆ ಹೋಗಿ ಕೂತರೆ ಅರ್ಧಕ್ಕೆ ನಿಂತ ಕಾದಂಬರಿ ಮುಗಿದೀತು ಎಂದು ಬರೆದಿದ್ದೀಯ. ನಾನು ಗ್ರೀಸಿನ ಹೈಡ್ರಾ ದ್ವೀಪದಲ್ಲಿರುವುದು ತಿಳಿದು ಹೊಟ್ಟೆಕಿಚ್ಚಾಯಿತು ಎಂದೂ ಒಪ್ಪಿಕೊಂಡಿದ್ದೀಯ. ಹಾಗಿದ್ದರೆ ಮೊದಲು ಇಲ್ಲಿನ ಸುದ್ದಿ ಕೇಳು.

ಪ್ರವಾಸಿಗರ ಕಾಲ ಮುಗಿದಿದೆ. ಊರಿನಲ್ಲಿ ಉಳಿದಿರುವುದು ಸುಮಾರು ಎರಡು ಸಾವಿರ ಜನ ಮತ್ತು ಲೆಕ್ಕವಿಲ್ಲದಷ್ಟು ಬೆಕ್ಕುಗಳು. ಗಾಳಿ ಎದ್ದರೆ ಅಥೆನ್ಸಿನ ಪಿರೇಯಸ್ ಬಂದರಿನಿಂದ ದೋಣಿ ಹೊರಡುವುದಿಲ್ಲ. ದೋಣಿ ಬಂತೇ ಇಲ್ಲವೇ ಎಂಬುದೇ ಆ ದಿನದ ಮುಖ್ಯ ಸುದ್ದಿ. ಇಲ್ಲಿ ಕಾರಿಲ್ಲ, ಸ್ಕೂಟರ್ ಇಲ್ಲ. ಕಸದ ಲಾರಿಯಂಥ ಒಂದೆರಡು ವಾಹನ ಬಿಟ್ಟರೆ ಸಾಮಾನೆಲ್ಲ ಮೇಲಕ್ಕೆ ಹೋಗುವುದು ಹೇಸರಗತ್ತೆಯ ಬೆನ್ನೇರಿ. ಮೊನ್ನೆ ಬಂದರಿನಲ್ಲಿ ಒಂದು ಹೇಸರಗತ್ತೆಗೆ ಬಟ್ಟೆ ಒಗೆಯುವ ಯಂತ್ರ ಹೇರುವುದನ್ನು ನೋಡುತ್ತ ನಿಂತಿದ್ದೆ. ಒಂದು ಮಗ್ಗುಲಿಗೆ ಯಂತ್ರ, ತೂಕ ಸರಿದೂಗಲು ಇನ್ನೊಂದು ಮಗ್ಗುಲಿಗೆ ಸಿಮೆಂಟ್ ಚೀಲ. ಹಗ್ಗ ಬಿಗಿಯುವಾಗ ಪ್ರಾಣಿ ಹೊಟ್ಟೆ ಉಬ್ಬಿಸಿಕೊಂಡು ನಿಂತಿತು. ಯಜಮಾನನಿಗೆ ಅದರ ಉಪಾಯ ಗೊತ್ತು. ಅದು ಉಸಿರು ಬಿಡುವವರೆಗೂ ಬೀಡಿ ಸೇದುವವನಂತೆ ಸುಮ್ಮನೆ ನಿಂತು, ಬಿಟ್ಟ ಕೂಡಲೇ ಮೊಣಕಾಲು ಒತ್ತಿ ಮತ್ತೊಮ್ಮೆ ಎಳೆದು ಗಂಟು ಹಾಕಿದ. ಅಲ್ಲಿಂದ ಮುಂದೆ ಬರೀ ಮೆಟ್ಟಿಲು.

ಇಂಥ ಊರಿಗೆ 1955ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಬರಹಗಾರರು ಬಂದರು, ಶಾರ್ಮಿಯನ್ ಕ್ಲಿಫ್ಟ್ ಮತ್ತು ಅವಳ ಗಂಡ ಜಾರ್ಜ್ ಜಾನ್‌ಸ್ಟನ್. ಅವನು ಲಂಡನ್ನಿನಲ್ಲಿ ಪತ್ರಕರ್ತ, ಒಳ್ಳೆಯ ಹುದ್ದೆ. ನೀನು ಈಗ ಹೇಳುತ್ತಿರುವುದನ್ನೇ ಹೇಳಿ ಅದನ್ನು ಬಿಟ್ಟ. ಮೊದಲು ಒಂದಷ್ಟು ಕಾಲ ಕಾಲಿಮ್ನೋಸ್ ದ್ವೀಪದಲ್ಲಿ, ಸಮುದ್ರದ ತಳದಿಂದ ಸ್ಪಂಜು ತೆಗೆಯುವ ಮುಳುಗುಗಾರರ ನಡುವೆ ಇದ್ದರು, ಆಮೇಲೆ ಹೈಡ್ರಾ. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬಂದವರಿಗೆ ಮೂರನೆಯದು ಇಲ್ಲೇ ಹುಟ್ಟಿತು. ನಲ್ಲಿಯಲ್ಲಿ ನೀರಿಲ್ಲ, ಕೈಯಲ್ಲಿ ಕಾಸಿಲ್ಲ. ಬಂದರಿನ ಕತ್ಸಿಕಾಸ್ ಅಂಗಡಿಯಲ್ಲಿ ಸಾಲ ಬರೆಸಿ, ಪ್ರಕಾಶಕರ ಚೆಕ್ ಹೊತ್ತು ತರುವ ದೋಣಿಗಾಗಿ ಕಾಯುತ್ತಿದ್ದರು. ಆ ಅಂಗಡಿಯ ಮೇಜುಗಳ ಸುತ್ತ ಬೇರೆ ವಿದೇಶೀಯರೂ ಸೇರಿಕೊಂಡರು: ಚಿತ್ರ ಬರೆಯುವವರು, ಬರೆಯುತ್ತೇನೆನ್ನುವವರು, ಬರಿದೇ ಕುಡಿಯುವವರು. ಈ ಮಂದಿಯ ಬಗ್ಗೆ ಕ್ಲಿಫ್ಟ್ 1959ರ ತನ್ನ ಪುಸ್ತಕದಲ್ಲಿ ಯಾವ ದಾಕ್ಷಿಣ್ಯವನ್ನೂ ಇಟ್ಟುಕೊಳ್ಳದೆ ಬರೆದಳು.

1960ರಲ್ಲಿ ಕೆನಡಾದ ಕವಿ, ಮುಂದೆ ಹಾಡುಗಾರನಾದ ಲಿಯೊನಾರ್ಡ್ ಕೊಹೆನ್ ಬಂದ. ಅಜ್ಜಿಯಿಂದ ಬಂದ ಹಣದಲ್ಲಿ 1500 ಡಾಲರ್ ಕೊಟ್ಟು ಮನೆ ಕೊಂಡಾಗ ಅವನಿಗೆ 26 ವರ್ಷ. ಟೆಲಿಫೋನ್ ತಂತಿ ಎಳೆದಾಗ ದ್ವೀಪ ಕೆಟ್ಟಿತೆಂದು ಕೊರಗಿದ. ಆ ತಂತಿಯ ಮೇಲೆ ಹಕ್ಕಿಗಳು ಬಂದು ಕೂತದ್ದೇ ಮುಂದೆ ಹಾಡಾಯಿತು. ಇದು ಎಲ್ಲರೂ ಹೇಳುವ ಕಥೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವನೇ ಮುಂದೊಮ್ಮೆ ನೆನೆದ ಇನ್ನೊಂದು ಮಾತು. ಬರೆಯುವ ಮೇಜಿನ ಮೇಲೆ ಗಾರ್ಡೇನಿಯಾ ಹೂವು ಇರುತ್ತಿತ್ತು, ಮಧ್ಯಾಹ್ನಕ್ಕೆ ಒಂದು ಸ್ಯಾಂಡ್‌ವಿಚ್ ಬರುತ್ತಿತ್ತಂತೆ. ಇದೆಲ್ಲ ತಾನಾಗಿ ನಡೆದು ಬಂದು ಮೇಜು ಏರಲಿಲ್ಲ. ಸಂಗಾತಿ ಮರಿಯಾನೆ ಇಲೆನ್ ತಂದಿಡುತ್ತಿದ್ದಳು. ಅಷ್ಟಾಗಿಯೂ ಪುಸ್ತಕಗಳಿಂದ ಹೊಟ್ಟೆ ತುಂಬದೆ ಅವನು ಹಾಡು ಹಿಡಿದು ಅಮೆರಿಕಕ್ಕೆ ಹೋದ.

ದ್ವೀಪವೇ ನಿನಗೆ ವಸ್ತುವನ್ನು ಕೊಡುತ್ತದೆ ಎಂಬ ಆಸೆಯೂ ಇದ್ದಂತಿದೆ. ಇಲ್ಲ. ಜಾನ್‌ಸ್ಟನ್ ಇಲ್ಲಿ ಕೂತು ಬರೆದ ಒಳ್ಳೆಯ ಪುಸ್ತಕ ‘ಮೈ ಬ್ರದರ್ ಜ್ಯಾಕ್’. ಅದರಲ್ಲಿರುವುದು ಅವನು ಬೆಳೆದ ಮೆಲ್ಬರ್ನಿನ ಬಡಾವಣೆ. ಅತ್ತ ಸ್ಕಿಯಾಥೋಸ್ ದ್ವೀಪದ ಪಾಪಾದಿಯಾಮಾಂಡಿಸ್, ಗ್ರೀಕ್ ಕಥೆಗಾರರಲ್ಲಿ ಹಿರಿಯ, ತನ್ನ ದ್ವೀಪದ ಮೀನುಗಾರರನ್ನೂ ಮುದುಕಿಯರನ್ನೂ ಬರೆದದ್ದು ಬಹುಪಾಲು ಅಥೆನ್ಸಿನಲ್ಲಿ, ಪತ್ರಿಕೆಗಳಿಗೆ ಅನುವಾದ ಮಾಡುತ್ತ ಹೊಟ್ಟೆ ಹೊರೆಯುತ್ತಿದ್ದಾಗ. ಅವನು ಊರಿಗೆ ಮರಳಿದ್ದು 1908ರಲ್ಲಿ, 1911ರಲ್ಲಿ ತೀರಿಕೊಂಡ. ನಿನ್ನ ವಸ್ತು ನಿನ್ನ ಜೊತೆಗೇ ಇದೆ. ಇಲ್ಲದಿರುವುದು ಹೊತ್ತು.

ಆ ಹೊತ್ತು ಎಲ್ಲಿಂದ ಬರುತ್ತದೆ ಎಂಬುದನ್ನು ಹೈಡ್ರಾದ ಕಥೆಯಲ್ಲಿ ಹುಡುಕಿದರೆ ಕ್ಲಿಫ್ಟ್ ಸಿಗುತ್ತಾಳೆ. ಕೂಲಿ ಅಗ್ಗವಾಗಿದ್ದರಿಂದ ಮನೆಗೆಲಸಕ್ಕೆ ದ್ವೀಪದ ಹೆಂಗಸೊಬ್ಬಳು ಬರುತ್ತಿದ್ದಳು, ನಿಜ. ಆದರೂ ಮಕ್ಕಳು, ಅಡುಗೆ, ಸಾಲದ ಲೆಕ್ಕ, ಕ್ಷಯ ಹಿಡಿದ ಗಂಡ, ಇವೆಲ್ಲ ಅವಳ ಪಾಲು. ಆಗ ಅವಳ ಕೈಯಲ್ಲೂ ಬಾಲ್ಯವನ್ನು ಕುರಿತ ಒಂದು ಕಾದಂಬರಿ ಇತ್ತು. ಅದನ್ನು ಬದಿಗಿಟ್ಟು ಅವನು ಬರೆಯುವ ಮೇಜಿನ ಬಳಿಯ ಮೆಟ್ಟಿಲ ಮೇಲೆ ದಿನವೂ ಕೂತಳು. ಅವನು ಓದಿದ್ದನ್ನು ಕೇಳಿದಳು, ಮರೆತದ್ದನ್ನು ಮಾತನಾಡಿಸಿ ಹೊರಗೆ ತೆಗೆದಳು. ‘ಮೈ ಬ್ರದರ್ ಜ್ಯಾಕ್’ 1964ರಲ್ಲಿ ಬಂತು, ಅವನಿಗೆ ಆಸ್ಟ್ರೇಲಿಯಾದ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಮೈಲ್ಸ್ ಫ್ರ್ಯಾಂಕ್ಲಿನ್ ಬಂತು. ಅದನ್ನು ಟಿವಿ ಧಾರಾವಾಹಿಗೆ ಅಳವಡಿಸಿ ಬರೆಯುವ ಕೆಲಸವೂ ಅವಳ ಮೇಲೇ ಬಿತ್ತು. ಅವಳ ಕಾದಂಬರಿ ಮುಗಿಯಲೇ ಇಲ್ಲ. 1969ರಲ್ಲಿ, 45ರ ವಯಸ್ಸಿಗೆ ಅವಳು ಹೋದಳು. ಮರುವರ್ಷ ಅವನೂ ಹೋದ. ಆ ಅಪೂರ್ಣ ಹಸ್ತಪ್ರತಿ ಪುಸ್ತಕವಾದದ್ದು 2024ರಲ್ಲಿ.

ವಿಚಿತ್ರವೆಂದರೆ, ಆಸ್ಟ್ರೇಲಿಯಾದಲ್ಲಿ ಅವಳು ಮನೆಮಾತಾದದ್ದು ದ್ವೀಪ ಬಿಟ್ಟ ಮೇಲೆ. ಸಿಡ್ನಿಗೆ ಮರಳಿ, ಅದೇ ಸಂಸಾರದ ನಡುವೆ, ಪತ್ರಿಕೆಗೆ ವಾರವಾರವೂ ಬರೆದ ಇನ್ನೂರಕ್ಕೂ ಹೆಚ್ಚು ಅಂಕಣಗಳನ್ನು ಜನ ಕಾದು ಓದಿದರು. ಅಂಕಣಕ್ಕೆ ಸಂಬಳವಿತ್ತು, ಕೊಡಬೇಕಾದ ದಿನ ಗೊತ್ತಿತ್ತು, ಮೇಲೆ ಅವಳದೇ ಹೆಸರಿತ್ತು. ಈ ಮೂರೂ ಇದ್ದ ಬರವಣಿಗೆಯನ್ನು ಮನೆಯವರು ಕೆಲಸವೆಂದು ಒಪ್ಪುತ್ತಾರೆ. ಕಾದಂಬರಿಯನ್ನು ಒಪ್ಪುವುದಿಲ್ಲ, ಅದು ಹೆಂಗಸಿನದಾದರೆ ಇನ್ನೂ ಇಲ್ಲ.

ಗ್ರೀಕರಿಗೆ ಕೇಳಿದರೆ ಸಣ್ಣ ದ್ವೀಪದ ನೆನಪೇ ಬೇರೆ. ಅವರ ಸರ್ಕಾರಗಳು ತಮಗೆ ಬೇಡವಾದ ಲೇಖಕರನ್ನು ಅಟ್ಟುತ್ತಿದ್ದ ಜಾಗ ಅದು. ಗ್ರೀಕ್ ಕವಿ ಯಾನಿಸ್ ರಿಟ್ಸೋಸ್ ಮಾಕ್ರೊನಿಸೋಸ್ ದ್ವೀಪದ ಶಿಬಿರದಲ್ಲಿ ಕೈದಿಯಾಗಿದ್ದಾಗ ಕವಿತೆಗಳನ್ನು ಬಾಟಲಿಗೆ ತುಂಬಿ ಮಣ್ಣಿನಲ್ಲಿ ಹೂತಿಟ್ಟ. 1967ರಲ್ಲಿ ಸೈನಿಕರ ಆಡಳಿತ ಬಂದಾಗ ಅವನಿಗೆ ಮತ್ತೆ ದ್ವೀಪಗಳೇ, ಮೊದಲು ಯಾರೋಸ್, ಆಮೇಲೆ ಲೇರೋಸ್. ಸಮುದ್ರ ಅಲ್ಲೂ ನೀಲಿಯೇ. ಇದನ್ನು ನಿನ್ನನ್ನು ನಾಚಿಸಲು ಹೇಳುತ್ತಿಲ್ಲ. ಏಕಾಂತವೆಂದರೆ ಒಂದು ಭೂಪಟದ ಚುಕ್ಕೆ ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ಹೊಡೆದುಹಾಕು.

ಹಾಗಾಗಿ ರಾಜೀನಾಮೆ ಬೇಡ. ಸಂಬಳ ನಿಂತ ತಿಂಗಳಿಂದ ನೀನು ಬರಹಗಾರ್ತಿ ಆಗುವುದಿಲ್ಲ, ಇಡೀ ದಿನ ಮನೆಯಲ್ಲಿ ಸಿಗುವವಳಾಗುತ್ತೀಯ. ಬೆಳಗಿನ ಎರಡು ಗಂಟೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಎಲ್ಲರಿಗೂ ಕಾಣುವಂತೆ ಬರೆ. ಆ ಹೊತ್ತಿನಲ್ಲಿ ಮಗುವನ್ನು ಶಾಲೆಯ ವ್ಯಾನಿಗೆ ಹತ್ತಿಸುವವರು ಯಾರು, ಕುಕ್ಕರ್ ಇಡುವವರು ಯಾರು ಎಂಬುದನ್ನು ಅಲ್ಲೇ ಹೆಸರು ಹಾಕಿ ಬರೆ. ನಿನ್ನ ಗಂಡ ಒಳ್ಳೆಯವನು, ನನ್ನ ಬಳಿ ನಿನ್ನ ಕಥೆಗಳನ್ನು ಹೊಗಳಿದ್ದಾನೆ. ಹೊಗಳಿಕೆ ಸಾಕು, ಅಕ್ಕಿ ತೊಳೆಯಲು ಹೇಳು. ಅವನ ಹಸ್ತಪ್ರತಿಯನ್ನು ನೀನು ತಿದ್ದಿಕೊಡುತ್ತಿರುವ ವಿಷಯವೂ ನನಗೆ ಗೊತ್ತು. ತಿದ್ದು, ಬೇಡವೆನ್ನುವುದಿಲ್ಲ; ನಿನ್ನ ಅಧ್ಯಾಯ ಮುಗಿದ ಮೇಲೆ, ನಿನ್ನದನ್ನು ಅವನು ಓದಿದ ಮೇಲೆ.

ಮುಂದಿನ ಪತ್ರದಲ್ಲಿ ಕಾದಂಬರಿಯ ಮೂರನೆಯ ಅಧ್ಯಾಯ ಕಳಿಸು. ಅತ್ತೆ ಸೊಸೆ ಒಂದೇ ಹಾಸಿಗೆಯಲ್ಲಿ ಮಲಗುವ ಭಾಗವನ್ನು ಮೃದು ಮಾಡಬೇಡ, ಈಗಿರುವಂತೆಯೇ ಇರಲಿ.

ಇಂತು,
ನಿನ್ನ ಅಕ್ಕ